ಪೆರೋಲ್ ಮೇಲೆ ಮನೆಗೆ ಬಂದಿದ್ದೀರಾ? ಗೇಟಿನಿಂದ ಗೇಟಿನವರೆಗೆ ಗಮನಿಸಬೇಕಾದ ವಿಷಯಗಳು

ನಾನು ವಕೀಲೆ ಅಲ್ಲ. ಬೆಂಗಳೂರಿನಲ್ಲಿ ಕಾನೂನು ನೆರವಿನ ಸ್ವಯಂಸೇವಕಿ. ಅರ್ಜಿ ಬರೆದುಕೊಡುವುದು, ಯಾವ ಕಚೇರಿಗೆ ಹೋಗಬೇಕು ಎಂದು ಹೇಳುವುದು, ಹೆದರಿಕೊಂಡ ಮನೆಯವರ ಜೊತೆ ಠಾಣೆಯ ಬಾಗಿಲವರೆಗೆ ಹೋಗಿ ಬರುವುದು, ಇಷ್ಟೇ ನನ್ನ ಕೆಲಸ.

ಒಮ್ಮೆ ಒಬ್ಬ ತಾಯಿ ಬಂದರು. ಮಗನಿಗೆ ಪೆರೋಲ್, ಅಂದರೆ ಜೈಲಿನಿಂದ ಕೆಲವು ದಿನಗಳ ತಾತ್ಕಾಲಿಕ ಬಿಡುಗಡೆ, ಸಿಕ್ಕಿತ್ತು. ಆದೇಶದ ಕಾಗದ ಹಾಳಾಗಬಾರದು ಎಂದು ಅಂಗಡಿಗೆ ಹೋಗಿ ಲ್ಯಾಮಿನೇಷನ್ ಮಾಡಿಸಿದ್ದರು. "ಜೋಪಾನವಾಗಿ ಇಟ್ಕೊಂಡಿದ್ದೀನಿ ಅಲ್ವೇನಮ್ಮ?" ಎಂದರು. ಅದೇ ಹಾಳೆಯ ಹಿಂದೆ ಠಾಣೆಯವರು ಹಾಜರಿಯ ಸಹಿ ಹಾಕುತ್ತಿದ್ದರು. ಪ್ಲಾಸ್ಟಿಕ್ ಮೇಲೆ ಪೆನ್ನು ಓಡಬೇಕಲ್ಲ! ಅದು ಹೋಗಲಿ. ಅದರೊಳಗೆ ಏನು ಬರೆದಿದೆ ಎಂದು ಕೇಳಿದೆ. ಮನೆಯಲ್ಲಿ ಯಾರೂ ಓದಿರಲಿಲ್ಲ.

ಪೆರೋಲ್ ಕೆಡುವುದು ಸಾಮಾನ್ಯವಾಗಿ ಹೀಗೇ. ಬೇಕೆಂದೇ ಓಡಿಹೋಗುವವರು ಇದ್ದಾರೆ, ಇಲ್ಲ ಎನ್ನುವುದಿಲ್ಲ. ಆದರೆ ನಾನು ನೋಡಿದ ಬಹಳಷ್ಟು ತೊಂದರೆಗಳು ಕಾಗದ ಓದದೆ, ದಿನ ತಪ್ಪು ಎಣಿಸಿ, ಹೇಳಬೇಕಾದವರಿಗೆ ಹೇಳದೆ ಆದವು. ಹಾಗಾಗಿ ಈ ಲೇಖನ ಪೆರೋಲ್ ಪಡೆಯುವುದು ಹೇಗೆ ಎಂಬುದರ ಬಗ್ಗೆ ಅಲ್ಲ. ಸಿಕ್ಕ ಮೇಲೆ ಏನು ಮಾಡಬೇಕು ಎಂಬುದರ ಬಗ್ಗೆ.

ಮೊದಲು, ನಿಮ್ಮದು ಪೆರೋಲೇ ತಾನೇ?

ಜಾಮೀನು, ಪೆರೋಲ್, ಪ್ರೊಬೇಷನ್, ಸನ್ನಡತೆಯ ಬಿಡುಗಡೆ, ನಾಲ್ಕನ್ನೂ ಜನ ಒಂದೇ ಉಸಿರಿನಲ್ಲಿ "ಹೊರಗೆ ಬಂದಿದ್ದಾನೆ" ಎಂದು ಹೇಳಿಬಿಡುತ್ತಾರೆ. ನಿಯಮಗಳು ಮಾತ್ರ ಬೇರೆ ಬೇರೆ.

ಪೆರೋಲ್ ಶಿಕ್ಷೆಯಾದವರಿಗೆ. ಕೇಸು ಇನ್ನೂ ನಡೆಯುತ್ತಿದ್ದರೆ, ಅಂದರೆ ವಿಚಾರಣಾಧೀನ ಕೈದಿಯಾಗಿದ್ದರೆ, ಕೇಳಬೇಕಾದದ್ದು ಜಾಮೀನು ಅಥವಾ ಮಧ್ಯಂತರ ಜಾಮೀನು. ಅದು ಕೋರ್ಟಿನ ಕೆಲಸ. 1958ರ ಕಾಯ್ದೆಯ ಪ್ರೊಬೇಷನ್‌ನಲ್ಲಿ ತಪ್ಪಿತಸ್ಥ ಎಂದು ತೀರ್ಮಾನವಾದ ಮೇಲೂ ಕೋರ್ಟು ಜೈಲಿಗೆ ಕಳಿಸದೆ, ಮುಚ್ಚಳಿಕೆ (ಷರತ್ತು ಪಾಲಿಸುತ್ತೇನೆ ಎಂಬ ಲಿಖಿತ ಮಾತು) ಬರೆಸಿಕೊಂಡು ಬಿಡುತ್ತದೆ. ಸನ್ನಡತೆಯ ಮೇಲೆ ಬಿಡುಗಡೆಯಾದವರ ವಿಷಯ ಕೊನೆಗೆ ಹೇಳುತ್ತೇನೆ.

ಅಮೆರಿಕದ ಸೀರಿಯಲ್ ನೋಡಿದ ಹುಡುಗರು "ನನ್ನ ಪೆರೋಲ್ ಆಫೀಸರ್ ಯಾರು?" ಎಂದು ಕೇಳುತ್ತಾರೆ. ಅಲ್ಲಿ ಪೆರೋಲ್ ಎಂದರೆ ಅವಧಿಗೆ ಮುಂಚೆ ಬಿಟ್ಟು, ಉಳಿದ ವರ್ಷಗಳನ್ನು ಒಬ್ಬ ಅಧಿಕಾರಿಯ ಕಣ್ಗಾವಲಿನಲ್ಲಿ ಹೊರಗೆ ಕಳೆಯುವುದು. ನಮ್ಮಲ್ಲಿ ಅದು ಕೆಲವು ದಿನ ಅಥವಾ ವಾರಗಳ ತಾತ್ಕಾಲಿಕ ಬಿಡುಗಡೆ. ಮನೆಯಲ್ಲಿ ಸಾವು, ಕಾಯಿಲೆ, ಮದುವೆ, ಬೇಸಾಯ, ಮನೆ ರಿಪೇರಿ, ಹೀಗೆ ಒಂದು ಕಾರಣ ಇರುತ್ತದೆ. 2023ರಲ್ಲಿ ಕರ್ನಾಟಕ ಹೈಕೋರ್ಟು ಪರಪ್ಪನ ಅಗ್ರಹಾರ ಜೈಲಿನಲ್ಲಿದ್ದ ಒಬ್ಬ ಕೈದಿಗೆ ಮದುವೆಯಾಗಲು 15 ದಿನ ಕೊಟ್ಟಿತ್ತು. 2024ರ ಕೊನೆಯಲ್ಲಿ ಇನ್ನೊಬ್ಬರಿಗೆ ಜಮೀನು ನೋಡಿಕೊಳ್ಳಲು 90 ದಿನ ಸಿಕ್ಕಿತು. ಕಣ್ಣಿಡುವ ಕೆಲಸ ಇಲ್ಲಿ ಮುಖ್ಯವಾಗಿ ನಿಮ್ಮ ಏರಿಯಾದ ಠಾಣೆಯದು.

ಇನ್ನೊಂದು ಮಾತು. ಹೊರಗಿದ್ದ ದಿನಗಳೂ ಶಿಕ್ಷೆಯ ಲೆಕ್ಕಕ್ಕೆ ಬರುತ್ತವೆ ಎಂದು ತುಂಬಾ ಜನ ನಂಬಿದ್ದಾರೆ. ಅದನ್ನು ನೆಚ್ಚಿಕೊಳ್ಳಬೇಡಿ. ಅವಧಿಗೆ ಮುಂಚಿನ ಬಿಡುಗಡೆಗೆ ಬೇಕಾದ 14 ವರ್ಷಗಳ ನಿಜವಾದ ಸೆರೆವಾಸವನ್ನು ಎಣಿಸುವಾಗ ಪೆರೋಲ್ ದಿನಗಳನ್ನು ಬಿಟ್ಟು ಎಣಿಸಬೇಕು ಎಂದು ಸುಪ್ರೀಂ ಕೋರ್ಟು 2023ರ ಜನವರಿಯಲ್ಲಿ ಹೇಳಿದೆ. ಜೀವಾವಧಿ ಶಿಕ್ಷೆಯವರು ಇದನ್ನು ಮನೆಯವರಿಗೂ ತಿಳಿಸಿರಬೇಕು. ಇಲ್ಲದಿದ್ದರೆ ಬಿಡುಗಡೆಯ ವರ್ಷ ಎಣಿಸುತ್ತಾ ಕೂತವರಿಗೆ ಕೊನೆಗೆ ನಿರಾಸೆ.

ಗೇಟಿನಲ್ಲೇ ಮಾಡಬೇಕಾದ ಕೆಲಸ

ಬಿಡುಗಡೆಯ ದಿನ ಎಲ್ಲರಿಗೂ ಅವಸರ. ಆಟೋ ಕಾಯುತ್ತಿರುತ್ತದೆ, ಮಕ್ಕಳು ಅಳುತ್ತಿರುತ್ತಾರೆ. ಆದರೂ ಹತ್ತು ನಿಮಿಷ ನಿಲ್ಲಿ. ಕೈಗೆ ಕೊಟ್ಟ ಕಾಗದ ಓದಿ. ಓದಲು ಬಾರದಿದ್ದರೆ ಬರುವವರಿಂದ ಗಟ್ಟಿಯಾಗಿ ಓದಿಸಿ. ಮೂರು ವಿಷಯ ಹುಡುಕಿ: ಯಾವ ವಿಳಾಸದಲ್ಲಿ ಇರಬೇಕು, ಯಾವ ಠಾಣೆಗೆ ಯಾವಾಗ ಹೋಗಬೇಕು, ಯಾವ ತಾರೀಖು ಎಷ್ಟು ಹೊತ್ತಿಗೆ ವಾಪಸ್ ಬರಬೇಕು.

ಈ ತಾರೀಖಿನ ವಿಷಯದಲ್ಲಿ ಸ್ವಲ್ಪ ನಿಧಾನಿಸಿ. ಜೂನ್ 3ರಂದು 30 ದಿನದ ಪೆರೋಲ್ ಮೇಲೆ ಹೊರಬಂದಿರಿ ಎಂದಿಟ್ಟುಕೊಳ್ಳಿ. ವಾಪಸ್ ಹೋಗಬೇಕಾದ್ದು ಯಾವತ್ತು? ಬಿಡುಗಡೆಯ ದಿನವನ್ನೂ ಸೇರಿಸಿದರೆ 30ನೇ ದಿನ ಜುಲೈ 2. ಸೇರಿಸದಿದ್ದರೆ ಜುಲೈ 3. "ಒಂದು ತಿಂಗಳು ತಾನೇ" ಎಂದುಕೊಂಡವರು ಜುಲೈ 3ನ್ನೂ ಮನೆಯಲ್ಲೇ ಕಳೆದು ಜುಲೈ 4ಕ್ಕೆ ಹೊರಡುತ್ತಾರೆ. ಮಧ್ಯೆ 31 ದಿನದ ತಿಂಗಳು ಬಂದರೆ ಇನ್ನೂ ಗೋಜಲು. ಆದ್ದರಿಂದ ದಿನ ಎಣಿಸುವ ಗೋಜಿಗೇ ಹೋಗಬೇಡಿ. "ಸಾರ್, ವಾಪಸ್ ಬರಬೇಕಾದ ತಾರೀಖು, ಸಮಯ ಬರೆದುಕೊಡಿ" ಎಂದು ಅಲ್ಲಿಯೇ ಕೇಳಿ. ಬರೆದಿದ್ದರೆ ತೋರಿಸಿ, ಬೆರಳಿಟ್ಟು ಖಚಿತ ಮಾಡಿಕೊಳ್ಳಿ. ಮನೆಗೆ ಬಂದು ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತಿ. ನಿಮ್ಮ ಪರವಾಗಿ ಮುಚ್ಚಳಿಕೆಗೆ ಸಹಿ ಹಾಕಿದ ಜಾಮೀನುದಾರರ ಮೊಬೈಲಿನಲ್ಲೂ ಅಲಾರಂ ಇಡಿಸಿ. ಯಾಕೆ ಅವರದ್ದು ಅಂತ ಮುಂದೆ ಹೇಳುತ್ತೇನೆ.

ಕಾಗದದ ಐದಾರು ಜೆರಾಕ್ಸ್ ಮಾಡಿಸಿ, ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಮೂಲ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಡಿ. ದಯವಿಟ್ಟು ಲ್ಯಾಮಿನೇಷನ್ ಬೇಡ.

ಠಾಣೆ: ಮೊದಲ ದಿನವೇ ಹೋಗಿ

ಆದೇಶದಲ್ಲಿ 24 ಗಂಟೆಯೊಳಗೆ ಎಂದಿರಲಿ, ಬೇರೆ ಏನೇ ಇರಲಿ, ಬಂದ ದಿನವೇ ಠಾಣೆಗೆ ಹೋಗಿಬಿಡುವುದು ಒಳ್ಳೆಯದು. ಮನೆಗೆ ಹೋಗಿ ಊಟ ಮಾಡಿ, ಅಮ್ಮನ ಕೈಯಲ್ಲಿ ಒಂದು ಕಾಫಿ ಕುಡಿದು ಹೊರಡಿ. ಒಬ್ಬರೇ ಹೋಗಬೇಡಿ, ಮನೆಯವರು ಒಬ್ಬರು ಜೊತೆಗಿರಲಿ.

ಬೆಂಗಳೂರಿನಲ್ಲಿ ಯಾವ ಠಾಣೆ ಎಂಬುದೇ ದೊಡ್ಡ ಪ್ರಶ್ನೆ. ಜೆ.ಪಿ. ನಗರದ ಹೆಸರಿನಲ್ಲಿ ಎಷ್ಟು ಫೇಸ್‌ಗಳಿವೆ ನೋಡಿ. ವಿಳಾಸದಲ್ಲಿ ಜೆ.ಪಿ. ನಗರ ಎಂದೇ ಇರುತ್ತದೆ, ಮನೆ ಮಾತ್ರ ಪುಟ್ಟೇನಹಳ್ಳಿ ಠಾಣೆಗೋ ಕೋಣನಕುಂಟೆ ಠಾಣೆಗೋ ಸೇರಿರುತ್ತದೆ. ರಸ್ತೆಯ ಈ ಬದಿ ಒಂದು ಠಾಣೆ, ಆ ಬದಿ ಇನ್ನೊಂದು. ನನಗೆ ಗೊತ್ತಿರುವ ಒಬ್ಬರು ಎರಡು ವಾರ ತಪ್ಪು ಠಾಣೆಗೆ ಹೋಗಿ ನಿಂತು ಬರುತ್ತಿದ್ದರು. ಅಲ್ಲಿದ್ದವರು "ಸರಿ, ಹೋಗಿ" ಎನ್ನುತ್ತಿದ್ದರಂತೆ. ಸಹಿ ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ. ಸರಿಯಾದ ಠಾಣೆಯವರು ಮನೆಗೆ ಬಂದು "ಇವನು ಇಲ್ಲಿಗೆ ಬರಲೇ ಇಲ್ಲ" ಎಂದಾಗ ಆ ಮನೆಯವರ ಮುಖ ಏನಾಗಿತ್ತು ಎಂದು ನಾನು ಹೇಳಬೇಕಿಲ್ಲ. ಆದೇಶದಲ್ಲಿ ಠಾಣೆಯ ಹೆಸರು ಇದ್ದರೆ ಅದೇ. ಇದ್ದ ಹೆಸರು ತಪ್ಪು ಎಂದು ಕಂಡರೂ ಮೊದಲು ಅಲ್ಲಿಗೇ ಹೋಗಿ, ವಿಳಾಸ ತೋರಿಸಿ, ನಿಮ್ಮದು ಯಾವ ಠಾಣೆಗೆ ಬರುತ್ತದೆ ಎಂದು ಬರೆಸಿಕೊಳ್ಳಿ. ಜೈಲಿನವರಿಗೂ ತಿಳಿಸಿ.

ಠಾಣೆಯಲ್ಲಿ ಸಾಮಾನ್ಯವಾಗಿ ನಿಮಗೆ ಸಿಗುವುದು ರೈಟರ್, ಅಂದರೆ ಠಾಣೆಯ ದಾಖಲೆ ಬರೆಯುವ ಪೊಲೀಸರು. ಅವರ ಮುಂದೆ ಹತ್ತು ಫೈಲು, ನಾಲ್ಕು ಜಗಳ, ಎರಡು ಫೋನು. ನಿಮ್ಮನ್ನು ನೋಡಿ "ಬಂದ್ರಲ್ಲ, ಸರಿ ಬಿಡಿ" ಎಂದು ಕಳಿಸಬಹುದು. ಸರಿ ಬಿಡಬೇಡಿ. "ಸಾರ್, ಒಂದು ಸಹಿ, ಸೀಲು, ತಾರೀಖು ಹಾಕಿಕೊಡಿ" ಎಂದು ವಿನಯದಿಂದಲೇ ಕೇಳಿ. ಇದಕ್ಕೆ ಒಂದು ಉಪಾಯ ಇದೆ. 'ಠಾಣಾಧಿಕಾರಿಗಳಿಗೆ' ಎಂದು ಒಂದೇ ಪುಟದ ಪತ್ರ ಬರೆಯಿರಿ: ಇಂಥ ಆದೇಶದಂತೆ ಇಂಥ ದಿನ ಬಿಡುಗಡೆಯಾಗಿದ್ದೇನೆ, ಇಂಥ ವಿಳಾಸದಲ್ಲಿರುತ್ತೇನೆ, ಇಂಥ ದಿನ ವಾಪಸ್ ಹೋಗುತ್ತೇನೆ, ಫೋನ್ ನಂಬರ್ ಇದು. ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸ್ವೀಕೃತಿ ಪಡೆಯಿರಿ. ಎಷ್ಟು ಕೇಳಿದರೂ ಕೊಡದಿದ್ದರೆ ಜಗಳಕ್ಕೆ ನಿಲ್ಲಬೇಡಿ. ಅದೇ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಠಾಣೆಗೂ ಜೈಲು ಅಧೀಕ್ಷಕರಿಗೂ ಕಳಿಸಿ, ರಸೀದಿ ಫೈಲಿಗೆ ಹಾಕಿ. ಜಗಳಕ್ಕಿಂತ ಆ ಚೂರು ರಸೀದಿ ಹೆಚ್ಚು ಕೆಲಸಕ್ಕೆ ಬರುತ್ತದೆ.

ಆಮೇಲಿನ ಹಾಜರಿ ಆದೇಶದಲ್ಲಿ ಇದ್ದಂತೆ. ಮೇಲೆ ಹೇಳಿದ 90 ದಿನದ ಪ್ರಕರಣದಲ್ಲಿ ವಾರಕ್ಕೊಮ್ಮೆ ಠಾಣೆಗೆ ಹಾಜರಾಗಬೇಕು ಎಂಬ ಷರತ್ತು ಇತ್ತು. ನಿಮ್ಮದರಲ್ಲಿ ದಿನವೂ ಇರಬಹುದು. ಹೋಗುವ ದಿನ ಹಬ್ಬ, ಬಂದ್, ಮಳೆ, ಯಾವುದೂ ನೆಪವಾಗುವುದಿಲ್ಲ. ಠಾಣೆಗೆ ಭಾನುವಾರವೂ ರಜೆ ಇಲ್ಲ ಅಲ್ವಾ?

ಎಲ್ಲಿಗೆ ಹೋಗಬಹುದು, ಯಾರ ಜೊತೆ ಇರಬಹುದು

ಒಂದು ವಿಳಾಸ ಕೊಟ್ಟು ಇನ್ನೊಂದು ಕಡೆ ಇರುವುದು ಬೇಡ. ಅಮ್ಮನ ಮನೆಯ ವಿಳಾಸ ಕೊಟ್ಟು ಹೆಂಡತಿಯ ತವರಿನಲ್ಲಿ ಮಲಗುವವರು ತುಂಬಾ ಜನ. ಕಾರಣ ನ್ಯಾಯವಾದದ್ದೇ ಇರಬಹುದು, ಮಗು ಅಲ್ಲಿ ಶಾಲೆಗೆ ಹೋಗುತ್ತಿರುತ್ತದೆ. ಆದರೆ ರಾತ್ರಿ ಪೊಲೀಸರು ಬಂದು ಬಾಗಿಲು ತಟ್ಟಿದಾಗ ನೀವು ಇರುವುದಿಲ್ಲ. ವರದಿಯಲ್ಲಿ 'ಮನೆಯಲ್ಲಿ ಇರಲಿಲ್ಲ' ಎಂದಷ್ಟೇ ಬರುತ್ತದೆ, ಮಗುವಿನ ಶಾಲೆ ಬರುವುದಿಲ್ಲ. ವಿಳಾಸ ಬದಲಿಸಬೇಕಿದ್ದರೆ ಮೊದಲು ಅರ್ಜಿ ಕೊಡಿ, ಒಪ್ಪಿಗೆ ಸಿಕ್ಕ ಮೇಲೆ ಹೋಗಿ.

ಊರು ಬಿಡುವ ವಿಷಯಕ್ಕೆ ಬಂದರೆ, ಬೆಂಗಳೂರಿನವರಿಗೆ ದೊಡ್ಡ ಬಲೆ ಹೊಸೂರು. ಎಲೆಕ್ಟ್ರಾನಿಕ್ ಸಿಟಿಯ ಕಡೆಯವರಿಗೆ ಅದು ಪಕ್ಕದ ಊರು. ಬಿಎಂಟಿಸಿ ಬಸ್ಸಿನಲ್ಲಿ ಅತ್ತಿಬೆಲೆಗೆ ಹೋಗಿ, ಮುಂದೆ ಇನ್ನೊಂದು ಬಸ್ಸು ಹಿಡಿದರೆ ಆಯಿತು. ನಾಮಕರಣ, ಬೀಗರೂಟ, ಚಂದ್ರಚೂಡೇಶ್ವರ ಬೆಟ್ಟ, ಏನಾದರೂ ಇದ್ದೇ ಇರುತ್ತದೆ. ಆದರೆ ಅತ್ತಿಬೆಲೆ ದಾಟಿದರೆ ತಮಿಳುನಾಡು. 'ರಾಜ್ಯ ಬಿಟ್ಟು ಹೋಗಬಾರದು' ಎಂಬ ಷರತ್ತಿದ್ದರೆ ಆ ಊಟದ ಬೆಲೆ ಜಾಸ್ತಿ. ದೊಡ್ಡಬಳ್ಳಾಪುರ, ಗೌರಿಬಿದನೂರು ಕಡೆಯವರಿಗೆ ಹಿಂದೂಪುರ ಹೀಗೇ. 'ಠಾಣೆಯ ಸರಹದ್ದು ಬಿಡಬಾರದು' ಎಂದಿದ್ದರೆ ಜಯನಗರದ ಆಸ್ಪತ್ರೆಗೂ ಮುಂಚೆ ತಿಳಿಸಿ ಹೋಗುವುದು ಕ್ಷೇಮ. ರಾತ್ರಿ ಮನೆಯಲ್ಲೇ ಇರಬೇಕು ಎಂದಿದ್ದರೆ ಚೈತ್ರದ ಹುಣ್ಣಿಮೆಯ ಕರಗವನ್ನು ಈ ಸಲ ಟಿವಿಯಲ್ಲಿ ನೋಡಿ.

ದೂರು ಕೊಟ್ಟವರು, ಸಾಕ್ಷಿ ಹೇಳಿದವರು, ಅವರ ಮನೆಯವರು, ಇವರ ತಂಟೆಗೆ ಹೋಗಬಾರದು. ಇದು ಎಲ್ಲರಿಗೂ ಗೊತ್ತು. ಆದರೆ 'ಕ್ಷಮೆ ಕೇಳಿ ಬರೋಣ' ಎಂದು ಹೋಗುವವರೂ ಇದ್ದಾರೆ. ಮನಸ್ಸು ಒಳ್ಳೆಯದೇ ಇರಬಹುದು. ಬಾಗಿಲು ತೆರೆದ ಆ ಮನೆಯವರಿಗೆ ಕಾಣುವುದು ಬೇರೆ. ಹೋಗಬೇಡಿ. ಫೋನ್ ಬೇಡ, ಮೂರನೆಯವರ ಮೂಲಕ ಮಾತು ಕಳಿಸುವುದೂ ಬೇಡ. ಒಂದೇ ಬೀದಿಯಲ್ಲಿ ಇರಬೇಕಾದ ಪರಿಸ್ಥಿತಿ ಇದ್ದರೆ ಅದನ್ನು ಮೊದಲೇ ವಕೀಲರಿಗೆ ಹೇಳಿ, ಬೇರೆ ವಿಳಾಸ ಹಾಕಿಸಿ.

ಇನ್ನು ಮೆರವಣಿಗೆಯ ಹುಚ್ಚು. ಗೇಟಿನ ಮುಂದೆ ಹಾರ, ಪಟಾಕಿ, ಹತ್ತು ಬೈಕು, ಹಿಂದೆ ಸಿನಿಮಾ ಹಾಡು ಹಾಕಿದ ರೀಲ್ಸು. ಸ್ನೇಹಿತರು ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಆ ರೀಲ್ಸನ್ನು ಮೊದಲು ನೋಡುವುದು ಪೊಲೀಸರು, ಎರಡನೆಯದಾಗಿ ನಿಮ್ಮ ಕೇಸಿನಲ್ಲಿ ನೊಂದ ಮನೆಯವರು. ನನ್ನನ್ನು ಕೇಳಿದರೆ, ಪೆರೋಲ್ ಮುಗಿಯುವವರೆಗೆ ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮು ಎರಡರಿಂದಲೂ ದೂರ ಇರಿ. ಬರ್ತ್‌ಡೇ ಕೇಕು ಮನೆಯೊಳಗೇ ಕತ್ತರಿಸಿ. ಕುಡಿತದ ವಿಷಯವೂ ಅಷ್ಟೇ. ಷರತ್ತಿನಲ್ಲಿ ಇಲ್ಲದಿದ್ದರೂ ಬಾರಿನಲ್ಲಿ ಪಕ್ಕದ ಟೇಬಲ್ಲಿನ ಜಗಳ ನಿಮ್ಮ ತಲೆಗೆ ಕಟ್ಟಲು ಒಂದು ನಿಮಿಷ ಸಾಕು.

ಕಾಲಿಗೆ ಕಡಗ ಹಾಕ್ತಾರಂತಲ್ಲ ಎಂದು ಕೇಳುತ್ತಾರೆ. ಕೇಂದ್ರ ಸರ್ಕಾರ 2023ರಲ್ಲಿ ಸಿದ್ಧಪಡಿಸಿದ ಮಾದರಿ ಕಾರಾಗೃಹ ಕಾಯ್ದೆಯಲ್ಲಿ, ಜೈಲಿನಿಂದ ರಜೆಯ ಮೇಲೆ ಹೋಗುವ ಕೈದಿ ಒಪ್ಪಿದರೆ, ಅವನು ಎಲ್ಲಿದ್ದಾನೆ ಎಂದು ತೋರಿಸುವ ಎಲೆಕ್ಟ್ರಾನಿಕ್ ಸಾಧನ ಹಾಕಿ ಬಿಡಬಹುದು ಎಂಬ ಮಾತಿದೆ. ಅದು ಮಾದರಿ ಮಾತ್ರ, ಅದರಂತೆ ಕಾಯ್ದೆ ಮಾಡಿಕೊಳ್ಳುವುದು ಆಯಾ ರಾಜ್ಯಕ್ಕೆ ಬಿಟ್ಟದ್ದು. ಹಾಗೆಯೇ, ಜಾಮೀನಿನ ಮೇಲಿರುವವರು ತಮ್ಮ ಗೂಗಲ್ ಲೊಕೇಶನ್ ಅನ್ನು ಪೊಲೀಸರಿಗೆ ಕಾಣುವಂತೆ ಇಟ್ಟಿರಬೇಕು ಎಂಬ ಷರತ್ತು ಸರಿಯಲ್ಲ ಎಂದು ಸುಪ್ರೀಂ ಕೋರ್ಟು 2024ರ ಜುಲೈನಲ್ಲಿ ಹೇಳಿದೆ. ಅದು ಜಾಮೀನಿನ ಕೇಸು, ಪೆರೋಲಿನದ್ದಲ್ಲ. ನಿಮ್ಮ ಆದೇಶದಲ್ಲಿ ಅಂಥ ಷರತ್ತು ಇದ್ದರೆ ಸುಮ್ನೆ ಮುರಿಯಬೇಡಿ, ವಕೀಲರ ಮೂಲಕ ಪ್ರಶ್ನಿಸಿ.

ಜಾಮೀನುದಾರರ ಕಷ್ಟ

ಪೆರೋಲ್ ಮೇಲೆ ಬಂದವರಿಗೆ ನಾನು ಒಂದು ಮಾತು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ನೀವು ಹೊರಗೆ ಬಂದಾಗ ಇನ್ನೊಬ್ಬರು ಒಳಗೆ ಕಾಲಿಟ್ಟಿರುತ್ತಾರೆ. ಅಕ್ಕನ ಗಂಡ, ಚಿಕ್ಕಪ್ಪ, ಹಳೆಯ ಮಾಲೀಕರು, ಯಾರೋ ಒಬ್ಬರು ಮುಚ್ಚಳಿಕೆಗೆ ಸಹಿ ಹಾಕಿರುತ್ತಾರೆ. ತಮ್ಮ ಮನೆಯ ಖಾತೆ, ಕಂದಾಯ ರಸೀದಿ, ಪಹಣಿ, ಸಂಬಳದ ಚೀಟಿ, ಯಾವುದನ್ನೋ ಜೈಲಿನವರ ಮುಂದೆ ಇಟ್ಟಿರುತ್ತಾರೆ. ನೀವು ವಾಪಸ್ ಹೋಗದಿದ್ದರೆ ಆ ಮುಚ್ಚಳಿಕೆಯ ಹಣ ಕಟ್ಟಿ ಎಂದು ನೋಟಿಸು ಬರುವುದು ಅವರಿಗೆ.

ಅದಕ್ಕೇ ಹೇಳಿದ್ದು, ಅಲಾರಂ ಅವರ ಮೊಬೈಲಿನಲ್ಲೂ ಇರಲಿ ಎಂದು. ವಾರಕ್ಕೊಮ್ಮೆ ಅವರಿಗೆ ಫೋನ್ ಮಾಡಿ. ಠಾಣೆಯ ಸಹಿಯ ಫೋಟೊ ವಾಟ್ಸಾಪ್ ಮಾಡಿ. ಜಾಮೀನು ನಿಲ್ಲುವವರಿಗೂ ಒಂದು ಸಲಹೆ. ಸಹಿ ಹಾಕುವ ಮುಂಚೆ ಮೊತ್ತ ಎಷ್ಟು ಎಂದು ಓದಿ, ಒಂದು ಪ್ರತಿ ಇಟ್ಟುಕೊಳ್ಳಿ. ಅವನು ಕಾಣೆಯಾದ ಎಂದು ಅನುಮಾನ ಬಂದರೆ ಮುಚ್ಚಿಡಬೇಡಿ, ಜೈಲಿಗೂ ಠಾಣೆಗೂ ಬರೆದು ತಿಳಿಸಿ. ನೋಟಿಸು ಬಂದರೆ ಹೆದರಿ ಬೀರುವಿನಲ್ಲಿಡದೆ, ಅದರಲ್ಲಿ ಹೇಳಿದ ದಿನದೊಳಗೆ ಉತ್ತರ ಕೊಡಿ. ನೀವು ಮೊದಲೇ ತಿಳಿಸಿದ ಪತ್ರ ಆಗ ನಿಮ್ಮ ಕೈ ಹಿಡಿಯುತ್ತದೆ.

ಕೋರ್ಟಿನ ಹತ್ತಿರ ದುಡ್ಡು ತೆಗೆದುಕೊಂಡು ಯಾರಿಗೆ ಬೇಕಾದರೂ ಶ್ಯೂರಿಟಿ ನಿಲ್ಲುವವರು ಸಿಗುತ್ತಾರೆ. ಅವರ ಸಹವಾಸ ಬೇಡ. ಕಾಗದ ಸುಳ್ಳು ಎಂದು ಗೊತ್ತಾದರೆ ಪೆರೋಲೂ ಹೋಗುತ್ತದೆ, ಹೊಸ ಕೇಸೂ ಬೀಳುತ್ತದೆ.

ಕೆಲಸ, ಬ್ಯಾಂಕು, ಆಧಾರ್

ಬಂದ ಕಾರಣದ ಕೆಲಸ ಮೊದಲು ಮುಗಿಸಿ. ಅಮ್ಮನ ಆಪರೇಷನ್‌ಗೆ ಬಂದವರು ಆಸ್ಪತ್ರೆಯ ಚೀಟಿ, ಬಿಲ್ಲು, ಡಿಸ್ಚಾರ್ಜ್ ಸಮರಿ ಇಟ್ಟುಕೊಳ್ಳಿ. ಮದುವೆಗೆ ಬಂದವರು ಲಗ್ನಪತ್ರಿಕೆ, ಫೋಟೊ ಇಡಿ. ಉಳಿದ ಸಮಯದಲ್ಲಿ ಆಧಾರ್ ತಿದ್ದುಪಡಿ, ಬ್ಯಾಂಕಿನ ಕೆವೈಸಿ, ರೇಷನ್ ಕಾರ್ಡಿಗೆ ಹೆಬ್ಬೆಟ್ಟು ಕೊಡುವುದು, ಇಂಥವನ್ನು ಮಾಡಿ ಮುಗಿಸಿ. ನೀವೇ ಖುದ್ದು ಬೇಕು ಎನ್ನುವ ಕೆಲಸ ಇವು. ಕೂಲಿಗೆ ಹೋಗುವುದಿದ್ದರೆ ಆದೇಶ ನೋಡಿ ಹೋಗಿ. ಡೆಲಿವರಿ ಬೈಕ್ ಓಡಿಸುವ ಕೆಲಸಕ್ಕೆ ಮಾತ್ರ ನಾನು ಬೇಡ ಎನ್ನುತ್ತೇನೆ, ಆರ್ಡರು ನಿಮ್ಮನ್ನು ಯಾವ ಸರಹದ್ದು ದಾಟಿಸುತ್ತದೋ ಹೇಳಲಾಗದು.

ಪೊಲೀಸರು ಮನೆಗೆ ಬಂದಾಗ

ಬರುತ್ತಾರೆ. ಅದು ಅವರ ಕೆಲಸ. ಬಾಗಿಲು ತೆರೆದು ಮಾತಾಡಿ, ಆದೇಶದ ಪ್ರತಿ ತೋರಿಸಿ, ಬಂದವರ ಹೆಸರು, ಸಮಯವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಮೊದಲೇ ನೀವೇ ಹೇಳಿಬಿಡಿ. ಪೊಲೀಸರ ಬಾಯಿಂದ ಕೇಳಿದರೆ ಅವರಿಗೆ ಹೆದರಿಕೆ ಜಾಸ್ತಿ.

ಹಾಜರಿ ಹಾಕಲು ದುಡ್ಡು ಕೇಳಿದ ಉದಾಹರಣೆ ನನ್ನ ಕಿವಿಗೂ ಬಿದ್ದಿದೆ. ಕೊಡಬೇಕಾಗಿಲ್ಲ. ಹಾಜರಿಗೆ ಫೀಸು ಎಂಬುದೇ ಇಲ್ಲ. ನೇರವಾಗಿ ಇನ್ಸ್‌ಪೆಕ್ಟರನ್ನು ಕಾಣಿ. ಅಲ್ಲೂ ಆಗದಿದ್ದರೆ ಲಂಚದ ದೂರು ಲೋಕಾಯುಕ್ತಕ್ಕೆ ಕೊಡಬಹುದು. ಆದರೆ ಒಂದು ವಿಷಯ, ದುಡ್ಡಿನ ಜಗಳದ ನೆಪದಲ್ಲಿ ಹಾಜರಿ ತಪ್ಪಿಸಬೇಡಿ. ದೂರು ಬೇರೆ, ಹಾಜರಿ ಬೇರೆ.

ಹುಷಾರಿಲ್ಲದಾಗ, ದಿನ ಸಾಲದಾದಾಗ

ಇಲ್ಲೇ ಜಾಸ್ತಿ ಜನ ಎಡವುವುದು. ಅಪ್ಪ ಐಸಿಯುನಲ್ಲಿದ್ದಾರೆ, ನಾಳೆ ವಾಪಸ್ ಹೋಗಬೇಕು. "ಅರ್ಜಿ ಹಾಕಿದ್ದೀನಲ್ಲ, ಉತ್ತರ ಬರೋವರೆಗೂ ಇರಬಹುದು" ಎಂದು ಉಳಿದುಬಿಡುತ್ತಾರೆ. ಇರುವಂತಿಲ್ಲ. ಅರ್ಜಿ ಹಾಕಿದ್ದು ಬೇರೆ, ದಿನ ಹೆಚ್ಚಿಸಿದ ಆದೇಶ ಬೇರೆ. ಆದೇಶ ಕೈಗೆ ಬರದಿದ್ದರೆ ಹಳೆಯ ತಾರೀಖೇ ನಿಮ್ಮ ತಾರೀಖು.

ಆದ್ದರಿಂದ ದಿನ ಸಾಲುವುದಿಲ್ಲ ಎಂದು ಕಂಡ ಕೂಡಲೇ, ಕೊನೆಯ ವಾರಕ್ಕೆ ಕಾಯದೆ, ಜೈಲು ಅಧೀಕ್ಷಕರಿಗೆ ಅರ್ಜಿ ಕೊಡಿ. ಡಾಕ್ಟರ ಪತ್ರ, ಆಸ್ಪತ್ರೆಯ ದಾಖಲೆ ಜೊತೆಗಿಡಿ. ಅಲ್ಲಿ ಆಗಲಿಲ್ಲ ಎಂದರೆ ಹೈಕೋರ್ಟಿಗೆ ರಿಟ್ ಅರ್ಜಿ ಹಾಕುವ ದಾರಿ ಇದೆ. ಬೇಸಿಗೆ ಮತ್ತು ದಸರಾ ರಜೆಯಲ್ಲೂ ತುರ್ತು ವಿಷಯಗಳಿಗೆ ರಜಾಕಾಲದ ಪೀಠ ಕೂರುತ್ತದೆ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. 1987ರ ಕಾನೂನು ಸೇವಾ ಕಾಯ್ದೆಯಲ್ಲಿ ಬಂಧನದಲ್ಲಿರುವವರಿಗೆ ಉಚಿತ ನೆರವು ಹಕ್ಕಾಗಿಯೇ ಇದೆ. ಅದಕ್ಕೆ ಆದಾಯದ ಲೆಕ್ಕ ಕೇಳುವುದಿಲ್ಲ. ರಾಜ್ಯ ಪ್ರಾಧಿಕಾರದ ಕಚೇರಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ. ಸಹಾಯವಾಣಿ 15100.

ನೀವೇ ಆಸ್ಪತ್ರೆಗೆ ಸೇರಿದರೆ? ಮನೆಯವರು ಅದೇ ದಿನ ಠಾಣೆಗೂ ಜೈಲಿಗೂ ಬರೆದು ತಿಳಿಸಬೇಕು. ಯಾವ ಆಸ್ಪತ್ರೆ, ಯಾವ ವಾರ್ಡು, ಯಾವ ಡಾಕ್ಟರು ಎಂದು ವಿವರ ಇರಲಿ. ಆದಷ್ಟು ವಿಕ್ಟೋರಿಯಾ, ಬೌರಿಂಗ್‌ನಂಥ ಸರ್ಕಾರಿ ಆಸ್ಪತ್ರೆಯ ದಾಖಲೆ ಇದ್ದರೆ ಅನುಮಾನ ಕಡಿಮೆ. ಡಿಸ್ಚಾರ್ಜ್ ಆದ ದಿನವೇ ಮುಂದಿನ ದಾರಿ ಜೈಲಿನದು, ಮನೆಯದಲ್ಲ.

ಕೊರೊನಾ ಕಾಲದ ನೆನಪು ಹೇಳಲೇಬೇಕು. 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಜೈಲುಗಳ ನೂಕುನುಗ್ಗಲು ಇಳಿಸಲು ಪ್ರತಿ ರಾಜ್ಯದಲ್ಲೂ ಉನ್ನತಾಧಿಕಾರ ಸಮಿತಿ ಮಾಡಿ ಎಂದಿತು. ದೇಶದಾದ್ಯಂತ ಸಾವಿರಾರು ಜನ ಹೊರಬಂದರು, ಅವಧಿ ಮತ್ತೆ ಮತ್ತೆ ಹೆಚ್ಚಿತು. 'ಇನ್ನು ಕರೆಯುವುದೇ ಇಲ್ಲ' ಎಂದು ಕೆಲವರು ಮನೆ ಕಟ್ಟಿಸಲು ಶುರು ಮಾಡಿದ್ದರು. 2023ರ ಮಾರ್ಚ್ 24ರಂದು ಆದೇಶ ಬಂತು: ಎಲ್ಲರೂ 15 ದಿನದೊಳಗೆ ಶರಣಾಗಬೇಕು.

ತಪ್ಪಿದರೆ ಏನಾಗುತ್ತದೆ

ಚಿಕ್ಕ ತಪ್ಪಾದರೆ, ಅಂದರೆ ಒಂದು ಹಾಜರಿ ತಪ್ಪಿದರೆ, ಮಾರನೇ ದಿನ ಬೆಳಿಗ್ಗೆಯೇ ಹೋಗಿ ಕಾರಣ ಬರೆದುಕೊಡಿ. ನೀವೇ ಹೋಗಿ ಹೇಳುವುದಕ್ಕೂ ಅವರು ಹುಡುಕಿಕೊಂಡು ಬರುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ವಾಪಸ್ ಹೋಗದೆ ಇದ್ದರೆ ಪೆರೋಲ್ ರದ್ದು, ಬಂಧನ, ಮೇಲೆ ಹೊಸ ಕೇಸು. ಮುಚ್ಚಳಿಕೆಯ ಹಣ ಹೋಗುತ್ತದೆ. ಮುಂದಿನ ಸಲ ಪೆರೋಲ್ ಕೇಳುವಾಗ, ಸನ್ನಡತೆಯ ಬಿಡುಗಡೆಯ ಪಟ್ಟಿ ಮಾಡುವಾಗ ಈ ದಾಖಲೆ ಎದ್ದು ಬರುತ್ತದೆ. ಎರಡು ದಿನ ತಡವಾಯಿತು, ಈಗ ಹೋದರೆ ಬೈಯುತ್ತಾರೆ ಎಂದು ಹೆದರಿ ಎರಡು ತಿಂಗಳು ಅಡಗಿ ಕೂತ ಹುಡುಗನ ಮನೆಯವರ ಜೊತೆ ನಾನು ಮಾತಾಡಿದ್ದೇನೆ. ತಡವಾದರೂ ನೀವೇ ಹೋಗಿ. ಸಾಧ್ಯವಾದರೆ ವಕೀಲರ ಜೊತೆ ಹೋಗಿ, ತಡಕ್ಕೆ ಕಾರಣದ ಕಾಗದ ಇದ್ದರೆ ಒಯ್ಯಿರಿ.

ಸನ್ನಡತೆಯ ಮೇಲೆ ಅವಧಿಗೆ ಮುಂಚೆ ಬಿಡುಗಡೆಯಾದವರಿಗೆ ವಾಪಸ್ ಹೋಗುವ ದಿನ ಇಲ್ಲ. ಆದರೆ ಬಿಡುಗಡೆ ಷರತ್ತಿನ ಮೇಲೆ ಆಗಿದ್ದರೆ, ಷರತ್ತು ಮುರಿದಾಗ ಸರ್ಕಾರ ಅದನ್ನು ರದ್ದು ಮಾಡಿ ಉಳಿದ ಶಿಕ್ಷೆಗೆ ಒಳಗೆ ಕಳಿಸಬಹುದು. ಅವರೂ ತಮ್ಮ ಆದೇಶದ ಕಾಗದವನ್ನು ಎಸೆಯದೆ ಇಟ್ಟುಕೊಂಡಿರಬೇಕು.

ವಾಪಸ್ ಹೋಗುವ ದಿನ

ಹಿಂದಿನ ದಿನವೇ ಠಾಣೆಗೆ ಹೋಗಿ, ನಾಳೆ ಹೋಗುತ್ತಿದ್ದೇನೆ ಎಂದು ಹೇಳಿ, ಕೊನೆಯ ಸಹಿ ಪಡೆಯಿರಿ. ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರ ಚೀಟಿ ಜೊತೆಗಿರಲಿ. ಮೊಬೈಲು, ಸಿಮ್ಮು, ಬೀಡಿ, ಗುಟ್ಕಾ, ಪಕ್ಕದ ಬ್ಯಾರಕ್ಕಿನವರು ತರಲು ಹೇಳಿದ ಪೊಟ್ಟಣ, ಯಾವುದೂ ಬ್ಯಾಗಿನಲ್ಲಿ ಬೇಡ. ಬ್ಯಾಗನ್ನು ನೀವೇ ತುಂಬಿ. ಯಾರದೋ ಪೊಟ್ಟಣ ನಿಮ್ಮ ಬ್ಯಾಗಿನಲ್ಲಿ ಸಿಕ್ಕರೆ ಅದು ನಿಮ್ಮದೇ.

ಸಿಲ್ಕ್ ಬೋರ್ಡ್ ಟ್ರಾಫಿಕ್ಕನ್ನು ನಂಬಬೇಡಿ. 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮಾರ್ಗದ ಮೆಟ್ರೊ ಹಿಡಿದು ಹೊಸ ರೋಡ್ ನಿಲ್ದಾಣದಲ್ಲಿ ಇಳಿದರೆ ಪರಪ್ಪನ ಅಗ್ರಹಾರಕ್ಕೆ ಆಟೋದಲ್ಲಿ ಹೋಗಬಹುದು. ಸಂಜೆಯ ಗಡುವು ಇದ್ದರೆ ಮಧ್ಯಾಹ್ನ ಊಟ ಮುಗಿಸಿದ ಕೂಡಲೇ ಹೊರಡಿ. ಗೇಟಿನಲ್ಲಿ ತಪಾಸಣೆ ಇರುತ್ತದೆ, ಮುಂದೆ ಬೇರೆಯವರು ಇದ್ದರೆ ಕಾಯಬೇಕು. ಜೊತೆಗೆ ಬಂದ ಮನೆಯವರು, ಕೈದಿ ಒಳಗೆ ಹೋಗುವವರೆಗೂ ನಿಂತು, ಸಮಯ ಬರೆದುಕೊಳ್ಳಿ.

ಮನೆಯವರೇ, ನೀವು ಮನೆಗೆ ಬಂದ ಮೇಲೆ ಜಾಮೀನುದಾರರಿಗೆ ಫೋನ್ ಮಾಡಿ ಹೇಳಿ, ಅವರು ಅವತ್ತಾದರೂ ನೆಮ್ಮದಿಯಾಗಿ ಮಲಗಲಿ. ಸಹಿಗಳ ಹಾಳೆ, ಸ್ಪೀಡ್ ಪೋಸ್ಟ್ ರಸೀದಿ, ಆಸ್ಪತ್ರೆ ಚೀಟಿ, ಎಲ್ಲವನ್ನೂ ಒಂದೇ ಫೈಲಿಗೆ ಹಾಕಿ ಬೀರುವಿನಲ್ಲಿಡಿ. ಮುಂದಿನ ಅರ್ಜಿಗೆ ಠಾಣೆಯಿಂದ ವರದಿ ಕೇಳಿದಾಗ ಅಲ್ಲಿ ಇರುವವರು ಬೇರೆ ರೈಟರ್ ಆಗಿರುತ್ತಾರೆ. ಅವರು 'ಹೋದ ಸಲ ಇವನು ಹೇಗಿದ್ದ?' ಎಂದು ಕೇಳುತ್ತಾರೆ. ಆಗ ಆ ಫೈಲ್ ತೆಗೆದು ಅವರ ಮೇಜಿನ ಮೇಲಿಡಿ.